ಮಗಳಿಗೊಂದು ಹೆಸರು



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬವನ್ನು ಆಚರಿಸುವ ಧರ್ಮಸಭೆ, ನಾಲ್ಕೇ ದಿನಗಳ ಬಳಿಕ, 12ರಂದು, ಅವರ ಪವಿತ್ರ ನಾಮವನ್ನು ಸ್ಮರಿಸುತ್ತದೆ. ಮಗು ಹುಟ್ಟಿತು, ಹೆಸರಿಟ್ಟಾಯಿತು ಎಂಬಂತೆ ಈ ಎರಡು ಹಬ್ಬಗಳು ಒಂದರ ಬೆನ್ನಿಗೊಂದು ಬರುತ್ತವೆ. 1683ರಲ್ಲಿ ವಿಯೆನ್ನಾ ನಗರವು ಮುತ್ತಿಗೆಯಿಂದ ಪಾರಾದುದರ ಕೃತಜ್ಞತೆಗಾಗಿ ಪೋಪ್ ಹನ್ನೊಂದನೆಯ ಇನ್ನೊಸೆಂಟರು ನಾಮದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. 1969ರ ಆರಾಧನಾ ಪಂಚಾಂಗದಲ್ಲಿ ಕೈಬಿಡಲಾಗಿದ್ದ ಈ ಹಬ್ಬ 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲರಿಂದ ಮರಳಿ ಬಂತು. ಒಂದು ಹೆಸರಿಗೆಂದೇ ಒಂದು ಹಬ್ಬ! ಹೆಸರು ಸಣ್ಣ ಸಂಗತಿಯಲ್ಲ.

ಹೆಣ್ಣುಮಗುವಿನ ದೀಕ್ಷಾಸ್ನಾನಕ್ಕೆ ಹೆಸರು ಬರೆಸಲು ಬರುವ ತಂದೆತಾಯಿಗಳು ಇತ್ತೀಚೆಗೆ ಕೇಳುವ ಪ್ರಶ್ನೆಯೊಂದಿದೆ: “ಫಾದರ್, ಮಗಳಿಗೆ ಕಿರಣ್ ಅಂತ ಇಡಬಹುದೆ? ನೋಯೆಲ್ ಅಂತ ಇಡಬಹುದೆ? ಗಂಡುಮಕ್ಕಳಿಗೂ ಅದೇ ಹೆಸರು ಇರುತ್ತದಲ್ಲ?” ಮನೆಯ ಹಿರಿಯರಿಗೆ ಇದು ಹಿಡಿಸುವುದಿಲ್ಲ. ಹೆಣ್ಣಿಗೆ ಹೆಣ್ಣಿನ ಹೆಸರೇ ಬೇಕು ಎನ್ನುತ್ತಾರೆ. ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ ಹೆಸರು ನಮ್ಮ ವಿಶ್ವಾಸದ ಪರಂಪರೆಗೆ ಹೊರತೆ? ಚರಿತ್ರೆ ಏನು ಹೇಳುತ್ತದೆ, ನೋಡೋಣ.

ಮೊದಲು ಪವಿತ್ರ ಬೈಬಲ್ಲನ್ನೇ ತೆರೆಯೋಣ. ಪ್ರವಾದಿ ಸಮುವೇಲನ ಎರಡನೆಯ ಮಗನ ಹೆಸರು ಅಬೀಯ. ಅರಸ ರೆಹಬ್ಬಾಮನ ಮಗನಾಗಿ ಜುದೇಯದ ಸಿಂಹಾಸನವೇರಿದವನ ಹೆಸರೂ ಅಬೀಯ. ಪೂರ್ವಕಾಲ ವೃತ್ತಾಂತದ ಎರಡನೆಯ ಭಾಗದಲ್ಲಿ, 29ನೆಯ ಅಧ್ಯಾಯದ ಮೊದಲ ವಚನ ಓದಿ. ಭಕ್ತ ಅರಸ ಹಿಜ್ಕೀಯನ ತಾಯಿಯ ಹೆಸರೂ ಅಬೀಯಳೇ! ‘ಸರ್ವೇಶ್ವರನೇ ನನ್ನ ತಂದೆ’ ಎಂಬುದು ಆ ಹೆಸರಿನ ಅರ್ಥ. ಇದನ್ನು ಮಗನೂ ಹೇಳಬಹುದು, ಮಗಳೂ ಹೇಳಬಹುದು. ದೇವರನ್ನು ತಂದೆಯೆಂದು ಕರೆಯುವ ಹಕ್ಕಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ.

ಆದಿ ಕ್ರೈಸ್ತರು ಹೆಸರಿನ ವಿಷಯದಲ್ಲಿ ಕಟ್ಟುನಿಟ್ಟು ಮಾಡಲಿಲ್ಲ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಮೆಚ್ಚಿ ಪರಿಚಯಿಸುವ ಫೆಬೆ ಎಂಬ ಸೋದರಿಯ ಹೆಸರು ಗ್ರೀಕರ ದೇವತೆಗಳಿಗೆ ಸಂಬಂಧಿಸಿದ್ದು. ಅದನ್ನು ಬದಲಿಸಿಕೊಳ್ಳಬೇಕೆಂದು ಪೌಲರು ಹೇಳಲಿಲ್ಲ. ಸಂತರ ಹೆಸರಿಡುವ ರೂಢಿ ಮುಂದೆ ಕ್ರಮೇಣ ಬೆಳೆಯಿತು. ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥವು, ಮಗುವಿಗೆ ಸಂತರೊಬ್ಬರ ಹೆಸರಿರಲಿ, ಅವರ ಬಾಳು ಮಾದರಿಯಾಗಲಿ ಎಂದು ಬೋಧಿಸಿತು. 1917ರ ಧರ್ಮಸಭಾ ಕಾನೂನಿನ 761ನೆಯ ನಿಯಮವು ಕ್ರೈಸ್ತ ಹೆಸರಿಡುವಂತೆ ನೋಡಿಕೊಳ್ಳಬೇಕೆಂದು ಧರ್ಮಕೇಂದ್ರದ ಗುರುಗಳಿಗೆ ವಿಧಿಸಿತು. ತಂದೆತಾಯಿ ಒಪ್ಪದಿದ್ದರೆ ಸಂತರ ಹೆಸರನ್ನೂ ಸೇರಿಸಿ ಎರಡನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು. 1983ರ ಕಾನೂನಿನ 855ನೆಯ ನಿಯಮ ಇನ್ನೂ ಉದಾರ. ಕ್ರೈಸ್ತ ಭಾವನೆಗೆ ಹೊರತಾದ ಹೆಸರಿಡದಂತೆ ತಂದೆತಾಯಿ, ಜ್ಞಾನಪೋಷಕರು ಮತ್ತು ಗುರುಗಳು ಎಚ್ಚರ ವಹಿಸಿದರೆ ಸಾಕು. ಇದು ಗಂಡಿನ ಹೆಸರು, ಇದು ಹೆಣ್ಣಿನ ಹೆಸರು ಎಂದು ಈ ಎರಡು ನಿಯಮಗಳಲ್ಲಿ ಯಾವುದೂ ಗೆರೆ ಎಳೆದಿಲ್ಲ.

ಇನ್ನು ಸಂತರ ಪಟ್ಟಿಯನ್ನೇ ನೋಡಿ. ಹೆಂಗಸರ ಹೆಸರುಗಳಲ್ಲೆಲ್ಲ ಶ್ರೇಷ್ಠವಾದ ಮರಿಯ ಎಂಬ ಹೆಸರನ್ನು ಎಷ್ಟು ಗಂಡಸರು ಹೆಮ್ಮೆಯಿಂದ ಹೊತ್ತಿದ್ದಾರೆ! ಲೂಯಿ ಮರಿ ದ ಮೊಂಫೋರ್ (1673–1716), ಆರ್ಸ್ ಊರಿನ ಗುರು ಜಾನ್ ಮರಿ ವಿಯಾನಿ (1786–1859), ಆಶ್‌ವಿಟ್ಸ್ ಶಿಬಿರದಲ್ಲಿ ಇನ್ನೊಬ್ಬನಿಗಾಗಿ ಪ್ರಾಣ ಕೊಟ್ಟ ಮ್ಯಾಕ್ಸಿಮಿಲಿಯನ್ ಮರಿಯ ಕೋಲ್ಬೆ (1894–1941). ಸ್ಪೇನ್ ದೇಶದಲ್ಲಿ ಹೊಸೆ ಮರಿಯ ಎಂದರೆ ಗಂಡಸು, ಮರಿಯ ಹೊಸೆ ಎಂದರೆ ಹೆಂಗಸು. ಜೋಸೆಫ್, ಮರಿಯ ಎಂಬ ಅದೇ ಎರಡು ಹೆಸರು, ಹಿಂದುಮುಂದು ಅಷ್ಟೆ. ಇತ್ತ ಇಟಲಿಯ ಫ್ರಾನ್ಸೆಸ್ಕಾ ಕಬ್ರೀನಿ 1877ರಲ್ಲಿ ವ್ರತ ಸ್ವೀಕರಿಸಿದಾಗ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಆ ಮಹಾ ಧರ್ಮಪ್ರಚಾರಕರಂತೆ ಕಡಲು ದಾಟಿ 1889ರಲ್ಲಿ ಅಮೆರಿಕಕ್ಕೆ ಹೋಗಿ ಬಡ ವಲಸಿಗರ ತಾಯಿಯಾದರು. 2008ರಲ್ಲಿ ಸಂತ ಪದವಿಗೇರಿದ ನೆರೆಯ ಕೇರಳದ ಅಲ್ಫೋನ್ಸಾ ಅವರ ಹೆಸರು ಕೂಡ ಸಂತ ಅಲ್ಫೋನ್ಸುಸ್ ಲಿಗೋರಿಯವರಿಂದ ಬಂದದ್ದು.

ಅಷ್ಟು ದೂರ ಏಕೆ? ನಮ್ಮ ಹಳ್ಳಿಗಳ ಹಳೆಯ ಕ್ರೈಸ್ತ ಮನೆತನಗಳಲ್ಲಿ ಇನ್ನಾಸಪ್ಪ–ಇನ್ನಾಸಮ್ಮ, ಅಂತೋಣಪ್ಪ–ಅಂತೋಣಮ್ಮ, ಆರೋಗ್ಯಪ್ಪ–ಆರೋಗ್ಯಮ್ಮ ಇಲ್ಲವೆ? ಮರಿಯಮ್ಮನ ಹೆಸರಿನ ಮರಿಯಪ್ಪ ಇಲ್ಲವೆ? ಬಸಪ್ಪ–ಬಸಮ್ಮ, ನಿಂಗಪ್ಪ–ನಿಂಗಮ್ಮ ಎನ್ನುವ ಕನ್ನಡ ನಾಡಿನ ಪದ್ಧತಿಯನ್ನೇ ನಮ್ಮ ಹಿರಿಯರೂ ಅನುಸರಿಸಿದರು. ಸಂತ ಒಬ್ಬರೇ, ಹೆಸರಿನ ಬೇರು ಒಂದೇ. ಮಗನಾದರೆ ಅಪ್ಪ, ಮಗಳಾದರೆ ಅಮ್ಮ. ಆದ್ದರಿಂದ ಕಿರಣ್, ನೋಯೆಲ್ ಎಂಬ ಹೆಸರು ಕೇಳಿ ಹಿರಿಯರು ಗಾಬರಿಯಾಗಬೇಕಿಲ್ಲ. ಕಿರಣವೆಂದರೆ ಬೆಳಕು, ನೋಯೆಲ್ ಎಂದರೆ ಕ್ರಿಸ್ತಜಯಂತಿ. ಎರಡೂ ಕ್ರೈಸ್ತ ಭಾವನೆಗೆ ಒಗ್ಗುವಂಥವೇ.

ಆದರೆ ಒಂದು ಮಾತನ್ನು ಕೇಳಲೇಬೇಕು. ಆ ಹೆಸರನ್ನು ಆರಿಸಿದ್ದು ಏಕೆ? ಅರ್ಥ ಚೆನ್ನಾಗಿದೆಯೆಂದೆ? ಹೆಸರು ನೋಡಿದೊಡನೆ ‘ಹೆಣ್ಣು’ ಎಂದು ಯಾರೂ ಮಗಳನ್ನು ಬದಿಗೆ ಸರಿಸದಿರಲಿ ಎಂದೆ? ಸಂತೋಷ. ಅಥವಾ ಮಗ ಹುಟ್ಟುವನೆಂದು ಮೊದಲೇ ಗೊತ್ತುಮಾಡಿಟ್ಟ ಹೆಸರನ್ನು, ಮಗಳು ಹುಟ್ಟಿದ ನಿರಾಸೆಯಲ್ಲಿ, ಅವಳಿಗೆ ಅಂಟಿಸುತ್ತಿದ್ದೇವೆಯೆ? ಹಾಗಾದರೆ ಆ ಹೆಸರು ಎಷ್ಟೇ ಚೆಂದವಿದ್ದರೂ ಅದರೊಳಗೊಂದು ಮುಳ್ಳಿದೆ. ಹೆಣ್ಣುಮಕ್ಕಳ ಸಾಲು ಬೆಳೆದಾಗ ‘ಇನ್ನು ಸಾಕು’ ಎಂದು ಸಾಕಮ್ಮ ಎಂದು ಹೆಸರಿಟ್ಟ ಮನೆಗಳು ನಮ್ಮಲ್ಲಿಯೂ ಇದ್ದವು. ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳನ್ನು ‘ನಕೋಶಿ’, ಎಂದರೆ ಬೇಡವಾದವಳು, ಎಂದೇ ಕರೆಯುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 285 ಹೆಣ್ಣುಮಕ್ಕಳು ಸಮಾರಂಭವೊಂದರಲ್ಲಿ ಹೊಸ ಹೆಸರು ಪಡೆದರು. ದಿನವೂ ‘ಬೇಡ’ ಎಂದು ಕೂಗಿಸಿಕೊಂಡು ಬೆಳೆದ ಮಗುವಿನ ಮನಸ್ಸು ಹೇಗಿದ್ದೀತು, ಯೋಚಿಸಿ.

ಗಂಡುಮಗನಿಲ್ಲದೆ ಮನೆತನದ ಹೆಸರು ಅಳಿದೀತು ಎಂಬ ಭಯ ಬೈಬಲ್ಲಿನ ಕಾಲದಲ್ಲೂ ಇತ್ತು. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಗನಿಲ್ಲವೆಂದು ನಮ್ಮ ತಂದೆಯ ಹೆಸರು ಅಳಿಯಬೇಕೆ ಎಂದು ಕೇಳಿದರು. ಅವರ ಮಾತು ನ್ಯಾಯವೆಂದು ಸರ್ವೇಶ್ವರನೇ ತೀರ್ಪಿತ್ತು ಆಸ್ತಿಯ ಹಕ್ಕು ಕೊಡಿಸಿದನು. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂದು ಐವರ ಹೆಸರನ್ನೂ ಪವಿತ್ರ ಗ್ರಂಥ ಬಿಡದೆ ಬರೆದಿಟ್ಟಿದೆ. ಚಲ್ಪಹಾದನ ಹೆಸರು ಇಂದಿಗೂ ಉಳಿದಿರುವುದು ಆ ಹೆಣ್ಣುಮಕ್ಕಳಿಂದಲೇ. ಮನೆತನವನ್ನು ಬೆಳಗಲು ಮಗಳು ಮಗನ ವೇಷ ಹಾಕಬೇಕಾಗಿಲ್ಲ.

ತಂದೆತಾಯಿಗಳೇ, ನೀವು ಆರಿಸಿದ ಹೆಸರು ಗಂಡಿಗೂ ಸಲ್ಲಲಿ, ಹೆಣ್ಣಿಗೂ ಸಲ್ಲಲಿ. ಅದನ್ನು ಇವಳಿಗೆಂದೇ, ಇವಳನ್ನು ನೋಡಿಯೇ, ಪ್ರೀತಿಯಿಂದ ಇಡಿ. ಜೊತೆಗೊಬ್ಬ ಸಂತರ ಹೆಸರೂ ಇರಲಿ. ಅವಳು ಬೆಳೆದು “ನನಗೆ ಈ ಹೆಸರು ಯಾಕಿಟ್ಟಿರಿ?” ಎಂದು ಕೇಳುವ ದಿನ, ತಲೆತಗ್ಗಿಸದೆ ಹೇಳಬಲ್ಲ ಉತ್ತರವೊಂದು ನಿಮ್ಮ ಬಳಿ ಇರಲಿ. ಪುನರುತ್ಥಾನದ ಮುಂಜಾನೆ ಸಮಾಧಿಯ ಬಳಿ ಅಳುತ್ತಿದ್ದ ಮಗ್ದಲದ ಮರಿಯಳು ಯೇಸುಸ್ವಾಮಿಯನ್ನು ಗುರುತಿಸಿದ್ದು, ಅವರು ಆಕೆಯ ಹೆಸರು ಹಿಡಿದು ಕರೆದಾಗ. ನಮ್ಮ ಹೆಣ್ಣುಮಕ್ಕಳೂ ತಮ್ಮ ಹೆಸರನ್ನು ಕೇಳಿದಾಗಲೆಲ್ಲ, ತಾವು ಬೇಕಾದವರು ಎಂದು ತಿಳಿಯುವಂತಾಗಲಿ. ಮಾತೆ ಮರಿಯಮ್ಮನವರು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.