ಅಮ್ಮನ ಕನ್ನಡಿಯ ಬೆನ್ನು

ಗೊಂಬೆ ಕೂರಿಸಲು ಇನ್ನೂ ಮೂರು ವಾರವಿತ್ತು. ಪಟ್ಟದ ಗೊಂಬೆ, ಶೆಟ್ಟಿಯ ಅಂಗಡಿ, ಮದುವೆ ದಿಬ್ಬಣ ಎಲ್ಲ ಪ್ರತಿವರ್ಷದ ಹಾಗೆ ಅಟ್ಟದಿಂದ ಇಳಿದು ಬರುವವೇ. ಈ ಸಲ ಮೆಟ್ಟಿಲ ಪಕ್ಕದಲ್ಲಿ ಏನಾದರೂ ಹೊಸದು ಮಾಡಬೇಕೆಂದು ನನಗೂ ಮಗಳಿಗೂ ಹುಚ್ಚು ಹತ್ತಿತು. ಎದುರುಬದುರಾಗಿ ಎರಡು ಕನ್ನಡಿ, ನಡುವೆ ಚೌಕಟ್ಟಿನ ಒಳಮೈಗೆ ಎಲ್‌ಇಡಿ ದೀಪದ ಪಟ್ಟಿ. ಇಣುಕಿ ನೋಡಿದರೆ ಎರಡಂಗುಲ ಆಳದ ಪೆಟ್ಟಿಗೆಯೊಳಗೆ ಕೊನೆಯೇ ಇಲ್ಲದ ದೀಪದ ಓಣಿ. ಮೈಸೂರಿನ ಅರಮನೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಬೇಕು. ನಮಗೆ ಅರವತ್ತು ಸಾಕು, ಉಳಿದದ್ದನ್ನು ಕನ್ನಡಿ ನೋಡಿಕೊಳ್ಳುತ್ತದೆ ಎಂದಳು ಮಗಳು.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ನಕ್ಷೆ ತಯಾರಾಯಿತು. ಹಿಂದಿನದು ಪೂರ್ತಿ ಕನ್ನಡಿ. ಮುಂದಿನದು ಅರೆಗನ್ನಡಿ, ಅಂದರೆ ಸ್ವಲ್ಪ ಬೆಳಕನ್ನು ಒಳಕ್ಕೆ ತಳ್ಳಿ, ಸ್ವಲ್ಪವನ್ನು ನಮ್ಮ ಕಡೆಗೆ ಬಿಡುವಂಥದ್ದು. ಬೆಳಕು ಎರಡರ ನಡುವೆ ಹೋಗಿ ಬಂದು ಮಾಡುವಾಗ ಪ್ರತಿ ಸಲವೂ ಒಂದು ಪಾಲು ಹೊರಗೆ ಸೋರುತ್ತದೆ. ಕಣ್ಣಿಗೆ ಅದು ಮತ್ತೊಂದು ಸಾಲು ದೀಪ, ಇನ್ನಷ್ಟು ದೂರದಲ್ಲಿ, ಇನ್ನಷ್ಟು ಮಂಕಾಗಿ. ದೀಪದ ಪಟ್ಟಿಗೆ 12 ವೋಲ್ಟಿನ ಅಡಾಪ್ಟರ್. ಮೂರು ಮೂರು ದೀಪಕ್ಕೊಂದು ಕತ್ತರಿಯ ಗುರುತು ಇರುತ್ತದೆ, ಅಲ್ಲೇ ಕತ್ತರಿಸಬೇಕು. ಪ್ಲಸ್ಸು ಮೈನಸ್ಸು ತಿರುಗಾಮುರುಗಾ ಆದರೆ ಹೊತ್ತುವುದಿಲ್ಲ, ಏಕೆಂದರೆ ಈ ದೀಪದೊಳಗೆ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ. ಇದೆಲ್ಲ ಸುಲಭ. ಕಷ್ಟವಾದದ್ದು ಕನ್ನಡಿಯದು.

ಮನೆಯಲ್ಲಿ ಅಮ್ಮನ ಕನ್ನಡಿಯಿತ್ತು, ಆಕೆ ಮದುವೆಯಾಗಿ ಬಂದಾಗ ತಂದದ್ದು. ಹಿಂಬದಿಯ ಲೇಪ ಅಲ್ಲಲ್ಲಿ ಎದ್ದು, ಮುಖ ನೋಡಿಕೊಂಡರೆ ಕೆನ್ನೆಗೆ ಬಂಗು ಬಂದಂತೆ ಕಾಣುತ್ತಿತ್ತು. ಹೇಗೂ ಹಾಳಾಗಿದೆ, ಲೇಪವನ್ನು ಇನ್ನಷ್ಟು ಹದವಾಗಿ ಕೆರೆದರೆ ಅದೇ ಅರೆಗನ್ನಡಿ ಆಗುವುದಿಲ್ಲವೇ ಎಂದುಕೊಂಡು ಗಾಜಿನ ಅಂಗಡಿಗೆ ಒಯ್ದೆ. ಯಜಮಾನರು ಅದನ್ನು ಬೋರಲು ಹಾಕಿ, ಒಂದು ಮೂಲೆಯನ್ನು ಉಗುರಿನಿಂದ ಮುಟ್ಟಿ ತೋರಿಸಿದರು. ಮೇಲೆ ಕೆಂಪು ಬಣ್ಣ, ಅದರಡಿ ತಾಮ್ರ, ಅದರಡಿ ಕೂದಲಿಗಿಂತ ಎಷ್ಟೋ ತೆಳುವಾದ ಬೆಳ್ಳಿ. "ಕೆರೆದ್ರೆ ಗಾಜು ಸಿಗುತ್ತೆ ಅಕ್ಕಾ, ಕನ್ನಡಿ ಸಿಗಲ್ಲ" ಎಂದರು.

ಇಷ್ಟು ವರ್ಷ ಅದರಲ್ಲಿ ಮುಖ ನೋಡಿಕೊಂಡವಳು ಬೆನ್ನು ನೋಡಿದ್ದು ಅವತ್ತೇ. ಅಲ್ಲಿಂದ ಕನ್ನಡಿಯ ಚರಿತ್ರೆ ಓದುವ ಚಟ ಹತ್ತಿತು; ಪೆಟ್ಟಿಗೆ ಒಂದು ವಾರ ಹಿಂದೆ ಬಿತ್ತು.

ನಮ್ಮ ಹಾಸನದವರಿಗೆ ಕನ್ನಡಿ ಅಂದರೆ ಮೊದಲು ನೆನಪಾಗುವುದು ಬೇಲೂರಿನ ದರ್ಪಣ ಸುಂದರಿ. ಆ ದೇವಾಲಯ 1117ರದು. ಆಕೆಯ ಕೈಯಲ್ಲಿರುವುದು ಗಾಜಲ್ಲ. ಆ ಕಾಲದ ಕನ್ನಡಿಯೆಂದರೆ ತಿಕ್ಕಿ ತಿಕ್ಕಿ ಹೊಳಪಿಸಿದ ಲೋಹ. ಕೇರಳದ ಆರನ್ಮುಳದಲ್ಲಿ ತಾಮ್ರ ತವರ ಬೆರೆಸಿ ಅಂಥದ್ದನ್ನು ಈಗಲೂ ಮಾಡುತ್ತಾರೆ. ಅದಕ್ಕೆ ಬೆರಳು ತಾಗಿಸಿದರೆ ಬೆರಳಿಗೂ ಬಿಂಬಕ್ಕೂ ನಡುವೆ ಸಂದೇ ಇರುವುದಿಲ್ಲ. ನಮ್ಮ ಮನೆಯ ಗಾಜಿನ ಕನ್ನಡಿಯಲ್ಲಿ ಆ ಸಂದು ಇರುತ್ತದೆ, ಪರೀಕ್ಷೆ ಮಾಡಿ ನೋಡಿ. ಮದುವೆಯಲ್ಲಿ ಕಳಸಗನ್ನಡಿ ಹಿಡಿದು ನಿಲ್ಲುವ ಹುಡುಗಿಯರಿಗೆ ಕಾಲು ನೋಯುತ್ತದೆಯೇ ಹೊರತು ಇದನ್ನೆಲ್ಲ ಯಾರೂ ಹೇಳುವುದಿಲ್ಲ.

ಗಾಜಿನ ದೊಡ್ಡ ಕನ್ನಡಿಗೆ ಹೆಸರಾದದ್ದು ವೆನಿಸ್ಸಿನ ಮುರಾನೊ ದ್ವೀಪ. ಆ ವಿದ್ಯೆಯನ್ನು ಫ್ರಾನ್ಸು 1660ರ ದಶಕದಲ್ಲಿ ಅಲ್ಲಿನ ಕುಶಲಕರ್ಮಿಗಳನ್ನೇ ಪುಸಲಾಯಿಸಿ ಕರೆಸಿಕೊಂಡು ಕಲಿತಿತು. 1684ರಲ್ಲಿ ಮುಗಿದ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ 357 ಕನ್ನಡಿಗಳಿವೆ. ಎದುರಿಗೆ ಹದಿನೇಳು ಕಿಟಕಿ. ಹಗಲಿಗೆ ತೋಟ ಒಳಗೆ ಬರಬೇಕು, ರಾತ್ರಿಗೆ ಒಂದು ಮೇಣದ ಬತ್ತಿ ಹಲವಾಗಬೇಕು. ನಮ್ಮ ಪೆಟ್ಟಿಗೆಯ ಆಸೆಯೂ ಅದೇ ತಾನೆ?

ಆದರೆ ಆ ಕನ್ನಡಿಗಳ ಬೆನ್ನಿಗೆ ಇದ್ದದ್ದು ಬೆಳ್ಳಿಯಲ್ಲ. ತವರದ ತೆಳುಹಾಳೆಯನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಪಾದರಸ ಹೊಯ್ದು, ಗಾಜನ್ನು ಜಾರಿಸಿ ಕೂರಿಸಿ, ಭಾರ ಹೇರಿ, ಹೆಚ್ಚಾದ ಪಾದರಸ ಇಳಿದುಹೋಗಲು ವಾರಗಟ್ಟಲೆ ಬಿಡುತ್ತಿದ್ದರು. ಅಷ್ಟು ದಿನವೂ ಅದರ ಆವಿಯನ್ನು ಕುಡಿಯುತ್ತಿದ್ದವರು ಅಲ್ಲಿ ಕೆಲಸ ಮಾಡುವವರು. ಜರ್ಮನಿಯ ಫ್ಯೂರ್ತ್ ಮತ್ತು ಎರ್ಲಾಂಗೆನ್ ಊರುಗಳ ಕನ್ನಡಿ ಕೆಲಸಗಾರರನ್ನು ಅಡಾಲ್ಫ್ ಕುಸ್‌ಮಾಲ್ ಎಂಬ ವೈದ್ಯ ಪರೀಕ್ಷಿಸಿ 1861ರಲ್ಲಿ ಒಂದು ಪುಸ್ತಕವನ್ನೇ ಬರೆದ. ಕೈ ನಡುಕ, ಬಾಯಿ ಹುಣ್ಣು, ನಿದ್ದೆಗೇಡು. ಇನ್ನೊಂದು ಲಕ್ಷಣ ನನ್ನನ್ನು ಬಹಳ ಕಾಡಿತು: ವಿಪರೀತ ಸಂಕೋಚ. ಯಾರಾದರೂ ನೋಡುತ್ತಿದ್ದಾರೆಂದರೆ ಸಾಕು, ಅವರ ಕೈ ಓಡುತ್ತಿರಲಿಲ್ಲ. ಊರಿಗೆಲ್ಲ ಮುಖ ನೋಡಿಕೊಳ್ಳಲು ಕನ್ನಡಿ ಮಾಡಿಕೊಟ್ಟವರಿಗೆ ನೋಟವೇ ಭಯವಾಗಿತ್ತು. ಗಾಜಿಗೆ ಬೆಳ್ಳಿ ಹಿಡಿಸುವ ರಾಸಾಯನಿಕ ದಾರಿಯನ್ನು ಲೀಬಿಗ್ ಎಂಬ ವಿಜ್ಞಾನಿ 1835ರಲ್ಲೇ ತೋರಿಸಿದ್ದ. ಹಾಗೆಂದು ಪಾದರಸ ಮರುದಿನವೇ ನಿಲ್ಲಲಿಲ್ಲ, ದಶಕಗಳ ಕಾಲ ನಡೆಯಿತು. ಅಮ್ಮನ ಕನ್ನಡಿಯದು ಬೆಳ್ಳಿ ಎಂದು ತಿಳಿದಾಗ ನನಗಾದ ಸಮಾಧಾನ ಬೆಳ್ಳಿಯ ಬೆಲೆಯದಲ್ಲ.

ದೀಪದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕೆಂಪು ಎಲ್‌ಇಡಿ 1962ರಲ್ಲಿ ಬಂತು, ರೇಡಿಯೋ ಟೇಪ್‌ರೆಕಾರ್ಡರುಗಳಲ್ಲಿ ಚುಕ್ಕೆಯಾಗಿ ಕೂತಿತು. ಬಿಳಿ ಬೆಳಕಿಗೆ ನೀಲಿ ಬೇಕಿತ್ತು. ಪ್ರಖರವಾದ ನೀಲಿಯನ್ನು ಜಪಾನಿನ ಶೂಜಿ ನಕಮುರ 1993ರಲ್ಲಿ ತೋರಿಸಿದರು. ಅದಕ್ಕೆ ಹಳದಿ ಫಾಸ್ಫರಿನ ಲೇಪ ಕೊಟ್ಟರೆ ಬಿಳಿ. 2014ರಲ್ಲಿ ಆತನಿಗೂ ಅಕಸಾಕಿ, ಅಮಾನೊ ಅವರಿಗೂ ನೊಬೆಲ್ ಬಂತು. ಅದಕ್ಕೂ ಎಷ್ಟೋ ಮೊದಲು, 1920ರ ದಶಕದಲ್ಲಿ, ಒಂದು ಹರಳು ವಿದ್ಯುತ್ತಿಗೆ ಮಿನುಗುವುದನ್ನು ಕಂಡು ಬರೆದಿಟ್ಟಿದ್ದ ರಷ್ಯದ ಓಲೆಗ್ ಲೋಸೆವ್ 1942ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಹಸಿವಿನಿಂದ ಸತ್ತ.

"ಇದನ್ನ ಮೊದಲು ಮಾಡಿದ್ದು ಯಾರಮ್ಮಾ, ಕನ್ನಡಿ ಇಟ್ಟು ಹೀಗೆ ಕೊನೆಯಿಲ್ಲದ ಹಾಗೆ?" ಎಂದಳು ಮಗಳು. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿ ನೋಡಿದವರೆಲ್ಲ ಕಂಡಿದ್ದಾರೆ. ಆದರೆ ಅದನ್ನೊಂದು ಕೋಣೆಯಾಗಿ ಕಟ್ಟಿ ಕಲೆಯೆಂದು ನಿಲ್ಲಿಸಿ ಹೆಸರಾದವಳು ಯಾಯೊಯಿ ಕುಸಾಮ. 1929ರಲ್ಲಿ ಜಪಾನಿನ ಮಾತ್ಸುಮೊಟೊ ಊರಿನಲ್ಲಿ, ಬೀಜ ಸಸಿ ಮಾರುವವರ ಮನೆಯಲ್ಲಿ ಹುಟ್ಟಿದಾಕೆ. 1958ರಲ್ಲಿ ನ್ಯೂಯಾರ್ಕಿಗೆ ಬಂದಳು. ಕೈಯಲ್ಲಿ ಕಾಸಿಲ್ಲ. ಬಟ್ಟೆಯೊಳಗೆ ಅರಳೆ ತುಂಬಿ, ಉದ್ದುದ್ದ ಮುದ್ದೆಗಳನ್ನು ನೂರುಗಟ್ಟಲೆ ಹೊಲಿಯುತ್ತಿದ್ದಳು. ಅವು ಯಾವುದರ ಆಕಾರವೆಂದು ಆಕೆ ಹೆಸರಿನಲ್ಲೇ ನಾಚಿಕೆಯಿಲ್ಲದೆ ಹೇಳಿದ್ದಾಳೆ. ಇಲ್ಲಿ ಗೆಣಸು ಅಂದುಕೊಳ್ಳಿ. ಹೊಲಿದು ಹೊಲಿದು ಕೈ ಸೋತಿತು. ದಿಂಬಿಗೆ ಹತ್ತಿ ತುಂಬಿದವರಿಗೆ ಗೊತ್ತು ಆ ನೋವು. 1965ರಲ್ಲಿ ಆಕೆ ಹೊಲಿದಷ್ಟನ್ನು ನೆಲಕ್ಕೆ ಹರಡಿ ಸುತ್ತಲೂ ಕನ್ನಡಿ ನಿಲ್ಲಿಸಿದಳು. ಕೈಯಿಂದ ಆಗದ್ದನ್ನು ಕನ್ನಡಿ ಮಾಡಿತು, ನೂರು ಲೆಕ್ಕವಿಲ್ಲದಷ್ಟಾಯಿತು. ಮರುವರ್ಷ ಆರು ಮೂಲೆಯ ಕನ್ನಡಿ ಕೋಣೆಯ ಮಾಡಿಗೆ ಮಿನುಗುವ ಬಣ್ಣದ ದೀಪ ಹಾಕಿ, ಕಿಂಡಿಯಿಂದ ಇಣುಕಿ ನೋಡುವ ಹಾಗೆ ಮಾಡಿದಳು. ನಮ್ಮ ಪೆಟ್ಟಿಗೆಯ ಹೆತ್ತಮ್ಮ ಅದು.

ಅದೇ ವರ್ಷ ಅದೇ ನಗರದಲ್ಲಿ ಮತ್ತೊಬ್ಬ ಕಲಾವಿದನ ಕನ್ನಡಿ ಕೋಣೆ ಇನ್ನೂ ದೊಡ್ಡ ಗ್ಯಾಲರಿಯಲ್ಲಿ ಹೆಸರು ಮಾಡಿತು. ತನ್ನ ಕಲ್ಪನೆಯನ್ನು ಎತ್ತಿಕೊಂಡರೆಂದು ಆಕೆ ಬಹಳ ನೊಂದಳು. ಒಂದೇ ಯೋಚನೆ ಇಬ್ಬರಿಗೂ ಹೊಳೆಯಬಾರದೆಂದಿಲ್ಲ, ಅದರ ತೀರ್ಪು ನನ್ನದಲ್ಲ. ಆದರೆ ನಾವು ಹಾಕಿದ ರಂಗೋಲಿ ಪಕ್ಕದ ಬೀದಿಯಲ್ಲಿ ಬಹುಮಾನ ಪಡೆದಾಗ ಹೊಟ್ಟೆಯಲ್ಲಿ ಏನಾಗುತ್ತದೆಂಬುದು ನನಗೆ ತಿಳಿಯದ್ದೇನಲ್ಲ. 1973ರಲ್ಲಿ ಆಕೆ ಜಪಾನಿಗೆ ಮರಳಿದಳು. 1977ರಲ್ಲಿ ಟೋಕಿಯೋದ ಒಂದು ಮನೋರೋಗ ಆಸ್ಪತ್ರೆಗೆ ತಾನಾಗಿಯೇ ಸೇರಿ, ಅಲ್ಲಿಂದ ಹತ್ತಿರದ ಸ್ಟುಡಿಯೋಗೆ ಹೋಗಿ ಬಂದು ಕೆಲಸ ಮಾಡತೊಡಗಿದಳು. 2002ರಲ್ಲಿ 150 ಪುಟ್ಟ ದೀಪ, ಕನ್ನಡಿ, ನೀರು ಇಟ್ಟು ಮಿಂಚುಹುಳುಗಳ ಕೋಣೆ ಕಟ್ಟಿದಳು. ಒಂದು ಸಲಕ್ಕೆ ಒಬ್ಬರೇ ಒಳಗೆ ಹೋಗಬೇಕು. 2013ರ ಇನ್ನೊಂದು ಕೋಣೆಯಲ್ಲಿ ತೂಗಿದ್ದು ಎಲ್‌ಇಡಿಗಳೇ. ಆ ಹೊತ್ತಿಗೆ ಆಕೆಗೆ ಎಂಬತ್ತು ದಾಟಿತ್ತು, ನೋಡುವವರ ಸಾಲು ಬೀದಿಯವರೆಗೆ ಬಂದಿತ್ತು.

ಪುಸ್ತಕದ ಹಿಂದಿನ ಪುಟಕ್ಕೆ ಹಿಂತಿರುಗಿ ನಕ್ಷೆ ತಿದ್ದಿದೆ. ಮುಂದಿನದಕ್ಕೆ ಸಾದಾ ಗಾಜು, ಅದಕ್ಕೆ ಆಫೀಸು ಕಟ್ಟಡಗಳ ಕಿಟಕಿಗೆ ಹಚ್ಚುವ ಮಿರುಗುವ ಫಿಲಂ. ಸೋಪಿನ ನೀರು ಸಿಂಪಡಿಸಿ, ಗುಳ್ಳೆ ಏಳದಂತೆ ಒಂದೇ ದಿಕ್ಕಿಗೆ ಒರೆಸಿಕೊಂಡು ಬರಬೇಕು. ನಮ್ಮದು ಎರಡನೆಯ ಸಲಕ್ಕೆ ಸರಿಹೋಯಿತು. ಅಮ್ಮನ ಕನ್ನಡಿ ಹಿಂದಕ್ಕೆ, ಕೆರೆಯದೆ, ಇದ್ದ ಹಾಗೆ. "ಕಲೆ ಕಾಣುತ್ತಲ್ಲಮ್ಮಾ" ಎಂದು ಮಗಳು ಗೊಣಗಿದಳು. ಅಡಾಪ್ಟರ್ ಹಾಕಿ ಕೋಣೆಯ ದೀಪ ಆರಿಸಿದೆವು. ಸಾಲು ಹಿಂದೆ ಸಾಲು ದೀಪ, ಆಳಕ್ಕೆ ಹೋದಂತೆ ತುಸು ಹಸಿರು. ಗಾಜಿನ ಸ್ವಭಾವ ಅದು. ನಡುವೆ ಅಮ್ಮನ ಕನ್ನಡಿಯ ಕಪ್ಪು ಚುಕ್ಕೆಗಳೂ ದೀಪಗಳ ಜೊತೆಗೇ ಒಂದರ ಹಿಂದೊಂದು, ಚಿಕ್ಕದಾಗುತ್ತಾ ಒಳಗೆ ನಡೆದುಹೋಗಿದ್ದವು. ಮಗಳು ಬಗ್ಗಿ ಎಣಿಸತೊಡಗಿದಳು. ಒಂಬತ್ತರವರೆಗೆ ಸ್ಪಷ್ಟವಾಗಿತ್ತು, ಆಮೇಲಿನದರ ಬಗ್ಗೆ ನಮ್ಮಿಬ್ಬರಿಗೂ ಜಗಳವಾಯಿತು.