ಪಿಎಚ್‌ಡಿ ಮುಗಿದ್ಮೇಲೂ ‘ಇನ್ನೂ ಓದ್ತಾವ್ನೆ’ ಅಂದ್ರೆ ಏನು? ಪೋಸ್ಟ್‌ಡಾಕ್ ಬಗ್ಗೆ ಇಲ್ಲಿದೆ ಮಾಹಿತಿ

ತಿಪಟೂರು: “ನಿಮ್ಮ ಹುಡುಗ ಪಿಎಚ್‌ಡಿ ಮುಗಿಸಿದ್ನಲ್ಲ, ಕೆಲಸ ಸಿಕ್ತಾ?” ಅಂತ ಮಂಡಿ ಹತ್ರ ಯಾರಾದ್ರೂ ಕೇಳಿದ್ರೆ “ಇಲ್ಲ ಕಣಪ್ಪ, ಬೆಂಗಳೂರಲ್ಲಿ ಇನ್ನೂ ಏನೋ ಓದ್ತಾವ್ನೆ” ಅನ್ನೋ ಉತ್ತರ ಬರುತ್ತೆ. ಆ ‘ಏನೋ’ ಬಹುತೇಕ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಆಗಿರುತ್ತೆ.

ಅದು ಓದಲ್ಲ, ಕೆಲಸ. ಪರೀಕ್ಷೆ ಇಲ್ಲ, ಮುಗಿದ ಮೇಲೆ ಹೊಸ ಡಿಗ್ರಿಯೂ ಇಲ್ಲ. ಪಿಎಚ್‌ಡಿ ಆದವರು ಹಿರಿಯ ವಿಜ್ಞಾನಿಯೊಬ್ಬರ ಲ್ಯಾಬಿನಲ್ಲಿ ಕೆಲವು ವರ್ಷ ಸಂಶೋಧನೆ ಮಾಡ್ತಾರೆ, ಅದಕ್ಕೆ ತಿಂಗಳಿಗೆ ಹಣ ಬರುತ್ತೆ. ಮುಂದೆ ಸ್ವಂತ ಲ್ಯಾಬ್ ನಡೆಸಬೇಕು ಅನ್ನೋರು ಸಾಮಾನ್ಯವಾಗಿ ಈ ದಾರೀಲೇ ಹೋಗಬೇಕು.

ಯಶವಂತಪುರದ ಹತ್ರ ಇರೋ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಮ್ಮೋರು ‘ಟಾಟಾ ಇನ್‌ಸ್ಟಿಟ್ಯೂಟ್’ ಅನ್ನೋ ಜಾಗದ ಒಂದು ಲ್ಯಾಬ್ ಹಾವಿನ ವಿಷದ ಮೇಲೆ ಕೆಲಸ ಮಾಡುತ್ತೆ. ಗರಿ ರಾಶಿ, ಸಿಪ್ಪೆ ಗುಡ್ಡೆಗೆ ಕೈ ಹಾಕೋ ನಮಗೆ ಇದು ದೂರದ ವಿಷಯ ಅಲ್ಲ. ಆಸ್ಪತ್ರೇಲಿ ಕೊಡೋ ಹಾವಿನ ಇಂಜೆಕ್ಷನ್ ಇವತ್ತಿಗೂ ಕುದುರೆ ರಕ್ತದಿಂದಲೇ ತಯಾರಾಗೋದು, ನೂರು ವರ್ಷಕ್ಕೂ ಹಳೇ ವಿಧಾನ. ಈ ಲ್ಯಾಬಿನವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಜೊತೆ ಸೇರಿ, ನಾಗರಹಾವು ಮತ್ತು ಕಟ್ಟುಹಾವಿನ ಜಾತಿಯ ಹಾವುಗಳ ಒಂದು ಬಗೆಯ ವಿಷವನ್ನ ತಡೆಯೋ ಕೃತಕ ಪ್ರತಿಕಾಯವನ್ನ 2024ರಲ್ಲಿ ಪ್ರಕಟಿಸಿದ್ರು. ಪರೀಕ್ಷೆ ಆಗಿರೋದು ಇಲಿಗಳ ಮೇಲೆ. ಕೊಳಕುಮಂಡಲಕ್ಕೆ ಇದು ನಡೆಯಲ್ಲ, ಹಾಗಾಗಿ ಹಾವು ಕಚ್ಚಿದ್ರೆ ಈಗಲೂ ನೇರ ಆಸ್ಪತ್ರೆಗೇ ಹೋಗಿ. ಲ್ಯಾಬ್ ಮುಖ್ಯಸ್ಥ ಕಾರ್ತಿಕ್ ಸುನಗರ್ ಅವರೂ ಮೊದಲು ಇಸ್ರೇಲ್‌ನಲ್ಲಿ ಪೋಸ್ಟ್‌ಡಾಕ್ ಮಾಡಿದವರೇ.

ಇನ್ನು ದುಡ್ಡಿನ ವಿಚಾರ. ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ಪಿಎಚ್‌ಡಿ ಆದವರ ಹುದ್ದೆಗೆ ‘ರಿಸರ್ಚ್ ಅಸೋಸಿಯೇಟ್’ ಅಂತಾರೆ. ಮೊದಲ ಹಂತದವರಿಗೆ ತಿಂಗಳಿಗೆ 47,000 ರೂ. ಇತ್ತು. ಸಂಶೋಧಕರ ಹೋರಾಟದ ನಂತರ 2023ರಲ್ಲಿ 58,000 ಆಯ್ತು, ಮೂರನೇ ಹಂತಕ್ಕೆ 67,000. ಮನೆ ಬಾಡಿಗೆ ಭತ್ಯೆ ಬೇರೆ. ಡಿಎ ಇಲ್ಲ. ಕೆಲವು ಸಲ ಹಣ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬೀಳುತ್ತೆ, ಅಂಥ ಹೊತ್ತಲ್ಲಿ ಊರಿಂದ ಕೊಬ್ಬರಿ ದುಡ್ಡು ಕಳಿಸೋ ಮನೆಗಳೂ ಇರ್ತವೆ. ಅವಧಿ ಮುಗಿದ ಮೇಲೆ ಕೆಲಸ ಖಾಯಂ ಆಗುತ್ತೆ ಅನ್ನೋ ಭರವಸೆ ಇಲ್ಲ. ಹೆಣ್ಣು ಕೊಡೋರು ‘ಪರ್ಮನೆಂಟಾ?’ ಅಂತ ಕೇಳಿದ್ರೆ ‘ಅಲ್ಲ’ ಅಂತ ನಿಜ ಹೇಳಿಬಿಡೋದೇ ಒಳ್ಳೇದು.

ಜೀವವಿಜ್ಞಾನದವರಿಗೆ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ–ಆರ್‌ಎ ಯೋಜನೆ ಇದೆ, ಅದನ್ನ ನಡೆಸೋದು ಟಾಟಾ ಇನ್‌ಸ್ಟಿಟ್ಯೂಟೇ. ಎಲ್ಲ ವಿಜ್ಞಾನದವರಿಗೂ ನ್ಯಾಷನಲ್ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. 2008ರಲ್ಲಿ ಶುರುವಾದ ಇಂಡಿಯಾ ಅಲಯನ್ಸ್ ಆರೋಗ್ಯ ಸಂಶೋಧನೆಗೇ ಹಣ ಕೊಡುತ್ತೆ, ಆದ್ರೆ ಪೈಪೋಟಿ ಜೋರು. ಅರ್ಜಿಗೆ ಮುಂಚೆ ಯಾವ ಲ್ಯಾಬಿಗೆ ಹೋಗಬೇಕೋ ಅಲ್ಲಿನ ವಿಜ್ಞಾನಿಗೆ ಮೇಲ್ ಬರೆದು ಒಪ್ಪಿಗೆ ತಗೋಬೇಕು. ನೋಡೋದು ಪ್ರಕಟಿಸಿರೋ ಪ್ರಬಂಧ ಮತ್ತು ಮುಂದಿನ ಸಂಶೋಧನೆಯ ಯೋಜನೆ. ‘ಸೀಟು ಕೊಡಿಸ್ತೀನಿ’ ಅಂತ ದುಡ್ಡು ಕೇಳೋರನ್ನ ಬಾಗಿಲಲ್ಲೇ ಕಳಿಸಿ, ಇದರಲ್ಲಿ ಏಜೆಂಟರ ಕೆಲಸವೇ ಇಲ್ಲ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಈಗ ಬಿಎಸ್ಸಿ ಓದ್ತಿರೋರು ಎಂಎಸ್ಸಿ ಮಾಡಿ ನೆಟ್ ಜೆಆರ್‌ಎಫ್ ಬರೀಬಹುದು. ಇಲ್ಲಾಂದ್ರೆ ಜಾಮ್ ಪರೀಕ್ಷೆ ಬರೆದು ಬಿಎಸ್ಸಿ ಆದ ಕೂಡಲೇ ಟಾಟಾ ಇನ್‌ಸ್ಟಿಟ್ಯೂಟಿನ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಪ್ರಯತ್ನಿಸಬಹುದು. ಯಾವ ದಾರಿ ಹಿಡಿದ್ರೂ ಪೋಸ್ಟ್‌ಡಾಕ್ ಹೊತ್ತಿಗೆ ವಯಸ್ಸು ಮೂವತ್ತರ ಹತ್ರ ಬಂದಿರುತ್ತೆ. ಹೆಚ್ಚಿನ ಫೆಲೋಶಿಪ್‌ಗೆ ವಯಸ್ಸಿನ ಮಿತಿ ಇರುತ್ತೆ, ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಸಡಿಲಿಕೆ ಉಂಟು. ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ.