ಸ್ನೋಲಿಂಗ್, ಮಾರ್ಗರೆಟ್

ಡಿಸ್ಲೆಕ್ಸಿಯಾ ಮತ್ತು ಮಕ್ಕಳ ಓದಿನ ತೊಂದರೆಗಳ ಅಧ್ಯಯನಕ್ಕೆ ಹೆಸರಾದ ಬ್ರಿಟಿಷ್ ಮನೋವಿಜ್ಞಾನಿ. ಜನನ 1955. ಬ್ರಿಸ್ಟಲ್‌ನಲ್ಲಿ ಮನೋವಿಜ್ಞಾನದ ಪದವಿ ಪಡೆದ ಇವರು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಊಟಾ ಫ್ರಿತ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು, 2012ರಿಂದ 2022ರವರೆಗೆ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದರು.

ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಮಾತಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದರಲ್ಲಿನ ತೊಡಕು ಎಂಬ ವಾದಕ್ಕೆ ಇವರ ಪ್ರಯೋಗಗಳು ಬಲ ತಂದವು. ಅರ್ಥವಿಲ್ಲದ ಕಲ್ಪಿತ ಪದಗಳನ್ನು ಮಕ್ಕಳಿಂದ ಓದಿಸುವುದು ಇವುಗಳಲ್ಲಿ ಒಂದು ವಿಧಾನ. ಇಂಥ ಪದಗಳಲ್ಲಿ ನೆನಪು ನೆರವಿಗೆ ಬಾರದು. ಅಕ್ಷರಗಳನ್ನು ಧ್ವನಿಗೆ ಹೊಂದಿಸಿಯೇ ಓದಬೇಕು. ಡಿಸ್ಲೆಕ್ಸಿಯಾ ಇರುವ ಮಕ್ಕಳು ತಡವರಿಸುವುದು ಇಲ್ಲಿಯೇ. ಈ ತೊಂದರೆ ಕೆಲವು ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತದೆ, ಇದರ ತೀವ್ರತೆ ಮಗುವಿನಿಂದ ಮಗುವಿಗೆ ಬೇರೆಯಾಗುತ್ತದೆ ಎಂಬುದನ್ನೂ ಇವರು ಸಹೋದ್ಯೋಗಿಗಳೊಂದಿಗೆ ತೋರಿಸಿದರು.

ಓದಿಗೆ ಮಾತೇ ತಳಹದಿ ಎಂಬ ನಿಲುವಿನಿಂದ ಚಾರ್ಲ್ಸ್ ಹ್ಯೂಮ್ ಮೊದಲಾದವರೊಡನೆ ನಫೀಲ್ಡ್ ಆರಂಭಿಕ ಭಾಷಾ ಕಾರ್ಯಕ್ರಮವನ್ನು ರೂಪಿಸಿದರು. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಶಬ್ದಸಂಪತ್ತು, ಕೇಳುವಿಕೆ, ಕಥೆ ಹೇಳುವ ಶಕ್ತಿಯನ್ನು ಬೆಳೆಸುವ ಈ ಕಾರ್ಯಕ್ರಮ ಇಂಗ್ಲೆಂಡಿನ ಅನೇಕ ಶಾಲೆಗಳಲ್ಲಿ ಬಳಕೆಯಲ್ಲಿದೆ.

ಕನ್ನಡದ ಓದಿನ ಬಗೆಗೂ ಇವರು ಸೊನಾಲಿ ನಾಗ್ ಅವರೊಂದಿಗೆ ಕೆಲಸ ಮಾಡಿದ್ದಾರೆ. ಕನ್ನಡದ ಮಗು ಮೂಲಾಕ್ಷರಗಳ ಜೊತೆಗೆ ಕಾಗುಣಿತ, ಒತ್ತಕ್ಷರಗಳನ್ನೂ ಕಲಿಯಬೇಕಾದ್ದರಿಂದ ಅಕ್ಷರಜ್ಞಾನ ಪಕ್ವವಾಗಲು ಹಲವು ವರ್ಷ ಹಿಡಿಯುತ್ತದೆ. ಓದಿನಲ್ಲಿ ಹಿಂದುಳಿದ ಕನ್ನಡದ ಮಕ್ಕಳ ಅರಿವಿನ ಸ್ವರೂಪವನ್ನು ಕುರಿತ ಇವರ ಜಂಟಿ ಅಧ್ಯಯನ 2011ರಲ್ಲಿ ಪ್ರಕಟವಾಯಿತು.

ಡಿಸ್ಲೆಕ್ಸಿಯಾ ಕುರಿತ ಇವರ ಪ್ರಮುಖ ಗ್ರಂಥ 1987ರಲ್ಲಿ ಹೊರಬಂದು, 2000ದಲ್ಲಿ ಪರಿಷ್ಕೃತ ಮುದ್ರಣ ಕಂಡಿತು. 2016ರಲ್ಲಿ ಇವರಿಗೆ ಬ್ರಿಟನ್ನಿನ ಸಿಬಿಇ ಗೌರವ ಸಂದಿತು.